ಕದನ ವಿರಾಮದ ಮೊದಲ ರಾತ್ರಿ

ಒಂದೇ ಪ್ರಶ್ನೆ ಬೇರೆ ಬೇರೆ ಊರುಗಳಿಂದ ಮತ್ತೆ ಮತ್ತೆ ಬರುತ್ತಿದೆ. ಪ್ರತಿ ಸಲ ಎರಡು ಸಾಲು ಬರೆದು ಮುಂದೆ ಹೋಗುತ್ತಿದ್ದೆ. ಅದು ಸಾಲುತ್ತಿಲ್ಲ. ಹಾಗಾಗಿ ಈ ಸಲ ಬಹುಪಾಲು ಜಾಗ ಅದಕ್ಕೇ ಕೊಡುತ್ತೇನೆ. ಉಳಿದವರು ಬೇಸರ ಮಾಡಿಕೊಳ್ಳಬೇಡಿ.

ಪ್ರಶ್ನೆ: 2025ರ ಮೇ 10ರ ಸಂಜೆ ಭಾರತ, ಪಾಕಿಸ್ತಾನ ಎರಡೂ ದಾಳಿ ನಿಲ್ಲಿಸಲು ಒಪ್ಪಿದವು. ಅದೇ ರಾತ್ರಿ ಮತ್ತೆ ಡ್ರೋನ್ ಬಂದವು. ಉಕ್ರೇನ್, ಗಾಜಾ, ಲೆಬನಾನ್ ಎಲ್ಲಾ ಕಡೆ ಇದೇ ಕತೆ. ಮುರಿಯೋದೇ ಆದರೆ ಕದನ ವಿರಾಮ ಯಾಕೆ ಬೇಕು ಸರ್? ಒಂದೇ ಸಲ ಪೂರ್ತಿ ಹೊಡೆದಾಡಿ ಮುಗಿಸಬಾರದೇ? (ಒಬ್ಬ ಓದುಗರು, ದಾವಣಗೆರೆ)

ಉತ್ತರ: ಮೊದಲು ನಿಮ್ಮ ಕೊನೆಯ ಸಾಲಿಗೆ ಬರುತ್ತೇನೆ. ‘ಒಂದೇ ಸಲ ಮುಗಿಸಿ’ ಎಂದು ನನಗೆ ಬರೆದವರಲ್ಲಿ ಒಬ್ಬರೂ ಗಡಿಯ ಹಳ್ಳಿಯವರಲ್ಲ. ಆ ಮೇ ತಿಂಗಳ ಶೆಲ್ ದಾಳಿಯಲ್ಲಿ ಪೂಂಚ್‌ನಲ್ಲಿ ಮಕ್ಕಳೂ ಸತ್ತರು. ಅಲ್ಲಿನ ಮನೆಯವರ ಮುಂದೆ ಕೂತು ಈ ಮಾತು ಹೇಳೋಕೆ ಆಗುತ್ತಾ, ಯೋಚಿಸಿ. ನನಗಂತೂ ಇದನ್ನು ಓದಿದಾಗಲೆಲ್ಲ ಸಿಟ್ಟು ಬರುತ್ತದೆ.

ಕೆಲವೇ ಗಂಟೆಗಳ ವಿರಾಮಕ್ಕೂ ಬೆಲೆ ಇದೆ. 2022ರ ಮಾರ್ಚ್ ನೆನಪಿಸಿಕೊಳ್ಳಿ. ಮಾರ್ಚ್ 1ರಂದು ಹಾವೇರಿ ಜಿಲ್ಲೆಯ ವೈದ್ಯಕೀಯ ವಿದ್ಯಾರ್ಥಿಯೊಬ್ಬ ಉಕ್ರೇನ್‌ನ ಖಾರ್ಕಿವ್‌ನಲ್ಲಿ ಆಹಾರ ತರಲು ಹೊರಗೆ ಹೋಗಿ ಶೆಲ್ ದಾಳಿಗೆ ಬಲಿಯಾದ. ಅದೇ ಹೊತ್ತಿಗೆ ಸುಮಿ ನಗರದಲ್ಲಿ ಸುಮಾರು 700 ಭಾರತೀಯ ವಿದ್ಯಾರ್ಥಿಗಳು ಸಿಕ್ಕಿಹಾಕಿಕೊಂಡಿದ್ದರು. ಮಾರ್ಚ್ 7ರಂದು ಅವರು ಬಸ್ ಹತ್ತಿದರು. ವಿರಾಮ ಕೂಡಿ ಬರಲಿಲ್ಲ, ಇಳಿಯಬೇಕಾಯಿತು. ಮರುದಿನ ಒಂದು ದಾರಿಗೆ, ಒಂದಿಷ್ಟು ಗಂಟೆಗೆ ಎರಡೂ ಕಡೆ ಒಪ್ಪಿದವು. ಬಸ್‌ಗಳು ಪೋಲ್ಟಾವಾ ಕಡೆ ಹೊರಟವು. ಆ ಮಕ್ಕಳ ಪಾಲಿಗೆ ಅಷ್ಟೇ ಸಾಕಾಗಿತ್ತು.

ಇನ್ನು ಮೊದಲ ರಾತ್ರಿಯ ಗುಂಡಿನ ವಿಷಯ. ಮೇ 10ರಂದು ಮಧ್ಯಾಹ್ನ 3.35ಕ್ಕೆ ಪಾಕಿಸ್ತಾನದ ಡಿಜಿಎಂಒ, ಅಂದರೆ ಸೇನಾ ಕಾರ್ಯಾಚರಣೆಗಳ ಮಹಾನಿರ್ದೇಶಕರು, ನಮ್ಮ ಡಿಜಿಎಂಒಗೆ ಫೋನ್ ಮಾಡಿದರು. ಸಂಜೆ 5ಕ್ಕೆ ನೆಲ, ನೀರು, ಆಕಾಶ ಮೂರೂ ಕಡೆ ದಾಳಿ ನಿಲ್ಲಬೇಕು ಎಂದಾಯಿತು. ನಡುವೆ ಇದ್ದದ್ದು ಒಂದೂವರೆ ಗಂಟೆ. ಅಷ್ಟರಲ್ಲಿ ಆದೇಶ ಕಟ್ಟಕಡೆಯ ತುಕಡಿಯ ತನಕ ಇಳಿಯಬೇಕು. ಇದು ನೆಪ ಅಲ್ಲ, ಅವತ್ತು ರಾತ್ರಿ ಆದದ್ದು ಉಲ್ಲಂಘನೆಯೇ. ಆದರೆ ಕದನ ವಿರಾಮ ಗಟ್ಟಿಯೋ ಟೊಳ್ಳೋ ಎಂದು ಮೊದಲ ರಾತ್ರಿ ನೋಡಿ ಹೇಳಲು ಆಗುವುದಿಲ್ಲ. ಉತ್ತರ, ದಕ್ಷಿಣ ಕೊರಿಯಾ ನಡುವಿನ ಯುದ್ಧದ ಕದನ ವಿರಾಮಕ್ಕೆ 1953ರ ಜುಲೈ 27ರ ಬೆಳಿಗ್ಗೆ 10ಕ್ಕೆ ಸಹಿ ಬಿತ್ತು. ಜಾರಿಗೆ ಬಂದದ್ದು ರಾತ್ರಿ 10ಕ್ಕೆ. ನಡುವಿನ ಹನ್ನೆರಡು ಗಂಟೆಯಲ್ಲೂ ಫಿರಂಗಿಗಳು ಸುಮ್ಮನಿರಲಿಲ್ಲ. ಆ ಒಪ್ಪಂದ ಇವತ್ತಿಗೂ ನಿಂತಿದೆ. ಶಾಂತಿ ಒಪ್ಪಂದ ಆಗಲೇ ಇಲ್ಲ, ದಕ್ಷಿಣ ಕೊರಿಯಾದ ಅಧ್ಯಕ್ಷ ಸಿಂಗ್ಮನ್ ರೀ ಸಹಿ ಹಾಕಲು ಒಪ್ಪಲೇ ಇಲ್ಲ. ಆದರೂ ನಿಂತಿದೆ.

ಯಾಕೆ ನಿಂತಿತು? ಕಾಗದದಲ್ಲಿ ಕೆಲಸ ಆಗಿತ್ತು. ಮಾತುಕತೆ ಶುರುವಾದದ್ದು 1951ರ ಜುಲೈನಲ್ಲಿ. ಎರಡು ವರ್ಷ ಮಾತೂ ನಡೆಯಿತು, ಸಾವೂ ನಡೆಯಿತು. ಕೊನೆಗೆ ನಕ್ಷೆಯ ಮೇಲೆ ರೇಖೆ ಎಳೆದರು. ಎರಡೂ ಸೇನೆ 72 ಗಂಟೆಯೊಳಗೆ ರೇಖೆಯಿಂದ 2 ಕಿಲೋಮೀಟರ್ ಹಿಂದೆ ಸರಿಯಬೇಕು ಎಂದು ಬರೆದರು. ದೂರು ಬಂದರೆ ಎಲ್ಲಿ ಕೂತು ಮಾತಾಡಬೇಕು ಎಂಬುದನ್ನೂ ಬರೆದರು.

ಮಾತುಕತೆ ಜಾಸ್ತಿ ಹೊತ್ತು ಸಿಕ್ಕಿಕೊಂಡದ್ದು ಯುದ್ಧ ಕೈದಿಗಳ ವಿಷಯದಲ್ಲಿ. ಸೆರೆಯಲ್ಲಿದ್ದ ಸಾವಿರಾರು ಚೀನೀ, ಉತ್ತರ ಕೊರಿಯಾ ಸೈನಿಕರು ತಮ್ಮ ಊರಿಗೆ ಹೋಗಲು ಒಪ್ಪಲಿಲ್ಲ. ಬಲವಂತವಾಗಿ ಕಳಿಸಬೇಕೇ, ಬೇಡವೇ? ದಾರಿ ಸೂಚಿಸಿದ್ದು 1952ರಲ್ಲಿ ವಿಶ್ವಸಂಸ್ಥೆಯಲ್ಲಿ ಭಾರತ ಮಂಡಿಸಿದ ನಿರ್ಣಯ. ಅದರ ಹಿಂದೆ ವಿ.ಕೆ. ಕೃಷ್ಣ ಮೆನನ್ ಇದ್ದರು. ಸೋವಿಯತ್ ಒಕ್ಕೂಟ, ಚೀನಾ ಮೊದಲು ಅದನ್ನು ತಳ್ಳಿಹಾಕಿದವು. ಮುಂದಿನ ವರ್ಷ ಅದೇ ಹಾದಿಯಲ್ಲಿ ಒಪ್ಪಂದ ಆಯಿತು. ಊರಿಗೆ ಹೋಗಲು ಒಪ್ಪದ ಕೈದಿಗಳನ್ನು ನೋಡಿಕೊಳ್ಳಲು ಐದು ತಟಸ್ಥ ದೇಶಗಳ ಆಯೋಗ ಮಾಡಿದರು. ಅಧ್ಯಕ್ಷತೆ ಸಿಕ್ಕಿದ್ದು ನಮ್ಮ ಮಡಿಕೇರಿಯ ಜನರಲ್ ಕೆ.ಎಸ್. ತಿಮ್ಮಯ್ಯ ಅವರಿಗೆ. ಭಾರತದ ಸೈನಿಕರು ತನ್ನ ನೆಲದ ಮೇಲೆ ಕಾಲಿಡಬಾರದು ಎಂದು ರೀ ಹಟ ಹಿಡಿದರು. ಹಾಗಾಗಿ ಅವರನ್ನು ಇಂಚಿಯಾನ್ ಬಂದರಿನಿಂದ ಹೆಲಿಕಾಪ್ಟರ್‌ನಲ್ಲಿ ಸೇನಾಮುಕ್ತ ವಲಯಕ್ಕೆ ಸಾಗಿಸಬೇಕಾಯಿತು. 22,000ಕ್ಕೂ ಹೆಚ್ಚು ಕೈದಿಗಳನ್ನು ಅವರು ತಿಂಗಳುಗಟ್ಟಲೆ ಕಾಯ್ದರು. ಒಮ್ಮೆ ಕೈದಿಗಳು ಭಾರತದ ಒಬ್ಬ ಮೇಜರ್‌ನನ್ನೇ ಹಿಡಿದಿಟ್ಟುಕೊಂಡಾಗ ಭಾರತೀಯ ಪಡೆಯ ಮುಖ್ಯಸ್ಥ ಮೇಜರ್ ಜನರಲ್ ಥೋರಾಟ್ ಬೇಲಿಯ ಒಳಗೆ ನಡೆದುಹೋಗಿ, ಮಾತಾಡಿ ಬಿಡಿಸಿಕೊಂಡು ಬಂದರು. ತಿಮ್ಮಯ್ಯನವರ ಮನೆ ಸನ್ನಿ ಸೈಡ್ ಈಗ ಮ್ಯೂಸಿಯಂ. ರಾಜಾಸೀಟ್‌ನಲ್ಲಿ ಫೋಟೊ ತೆಗೆಸಿಕೊಂಡು ವಾಪಸ್ ಬರುವವರು ಒಂದು ಗಂಟೆ ಅಲ್ಲಿಗೂ ಹೋಗಿ. ಸೈನಿಕನ ಕೆಲಸ ಹೊಡೆಯೋದು ಮಾತ್ರ ಎಂಬ ಕಲ್ಪನೆ ಬದಲಾಗುತ್ತದೆ.

ಕಾಗದದಲ್ಲಿ ಕೆಲಸ ಅರ್ಧಕ್ಕೆ ಬಿಟ್ಟರೆ ಏನಾಗುತ್ತದೆ ಎಂಬುದಕ್ಕೂ ನಮ್ಮಲ್ಲೇ ಉದಾಹರಣೆ ಇದೆ. 1949ರ ಜುಲೈ 27ರಂದು ಕರಾಚಿಯಲ್ಲಿ ಭಾರತ, ಪಾಕಿಸ್ತಾನ ಕಾಶ್ಮೀರದ ಕದನ ವಿರಾಮ ರೇಖೆಗೆ ಸಹಿ ಹಾಕಿದವು. ಊರು, ಬೆಟ್ಟ ಹೆಸರಿಸುತ್ತಾ ರೇಖೆ ಬರೆದುಕೊಂಡು ಬಂದರು. ಕೊನೆಗೆ ‘ಅಲ್ಲಿಂದ ಉತ್ತರಕ್ಕೆ ಹಿಮನದಿಗಳತ್ತ’ ಎಂದು ಬಿಟ್ಟರು. ಶಿಮ್ಲಾ ಒಪ್ಪಂದದ ನಂತರ 1972ರಲ್ಲಿ ನಿಯಂತ್ರಣ ರೇಖೆ ಗುರುತಿಸಿದಾಗಲೂ ಎನ್‌ಜೆ 9842 ಎಂಬ ಬಿಂದುವಿನಲ್ಲೇ ನಿಲ್ಲಿಸಿದರು. ಅದರಾಚೆ ಬರೀ ಹಿಮ, ಅಲ್ಲಿಗೆ ಯಾರು ಹೋಗುತ್ತಾರೆ ಅಂದುಕೊಂಡರು. ರೇಖೆ ನೇರ ಉತ್ತರಕ್ಕೆ ಎಂದು ಭಾರತ ಓದಿತು. ಕಾರಕೋರಂ ಕಣಿವೆದಾರಿಗೆ ಎಂದು ಪಾಕಿಸ್ತಾನ ಓದಿತು. 1984ರ ಏಪ್ರಿಲ್ 13ರಂದು ನಮ್ಮ ಸೈನಿಕರು ಸಿಯಾಚಿನ್ ಏರಿದರು. ಇನ್ನೂ ಇಳಿದಿಲ್ಲ.

2003ರ ನವೆಂಬರ್‌ನ ಕದನ ವಿರಾಮ ಸಿಯಾಚಿನ್‌ಗೂ ಅನ್ವಯಿಸಿತು. ಬಂದೂಕು ನಿಂತಿತು, ಸಾವು ನಿಲ್ಲಲಿಲ್ಲ. ಯಾಕೆಂದರೆ ಯಾರು ಎಲ್ಲಿರಬೇಕು ಎಂಬುದನ್ನು ಯಾರೂ ಬರೆದಿಲ್ಲ, ಹಾಗಾಗಿ ಯಾರೂ ಇಳಿಯುವಂತಿಲ್ಲ. 2016ರ ಫೆಬ್ರುವರಿ 3ರಂದು 19,600 ಅಡಿ ಎತ್ತರದ ಠಾಣೆಯೊಂದು ಹಿಮಕುಸಿತದಲ್ಲಿ ಮುಚ್ಚಿಹೋಯಿತು. ಹತ್ತು ಜನ ಒಳಗಿದ್ದರು. ಆರು ದಿನದ ನಂತರ ಲ್ಯಾನ್ಸ್ ನಾಯಕ್ ಹನುಮಂತಪ್ಪ ಕೊಪ್ಪದ ಜೀವಂತವಾಗಿ ಸಿಕ್ಕರು. ಧಾರವಾಡ ಜಿಲ್ಲೆಯ ಬೆಟದೂರಿನವರು. ಇಡೀ ರಾಜ್ಯ ಪ್ರಾರ್ಥನೆ ಮಾಡಿತು. ಫೆಬ್ರುವರಿ 11ರಂದು ದೆಹಲಿಯ ಆಸ್ಪತ್ರೆಯಲ್ಲಿ ತೀರಿಕೊಂಡರು. 1949ರ ಆ ಅರ್ಧ ಸಾಲನ್ನು ಓದಿದಾಗಲೆಲ್ಲ ನನಗೆ ಬೆಟದೂರು ನೆನಪಾಗುತ್ತದೆ.

ಪೂರ್ವ ಉಕ್ರೇನ್‌ನಲ್ಲಿ ರಷ್ಯಾ ಬೆಂಬಲದ ಬಂಡುಕೋರರ ಜೊತೆಗಿನ ಹೋರಾಟ ನಿಲ್ಲಿಸಲು ಮಾಡಿದ ಮಿನ್ಸ್ಕ್ ಒಪ್ಪಂದಕ್ಕೂ ಇದೇ ರೋಗ. 2015ರ ಫೆಬ್ರುವರಿ 12ರಂದು ಒಪ್ಪಿ, 15ರಿಂದ ಜಾರಿ ಎಂದರು. ಭಾರೀ ಶಸ್ತ್ರ ಹಿಂದೆ ಸರಿಸಲು ಉಕ್ರೇನ್‌ಗೆ ಒಂದು ರೇಖೆ, ಬಂಡುಕೋರರಿಗೆ ಇನ್ನೊಂದು ಹಳೆಯ ರೇಖೆ. ಎರಡರ ನಡುವೆ ಡೆಬಾಲ್ಟ್ಸೆವೆ ಪಟ್ಟಣ. 18ರಂದು ಅದು ಬಂಡುಕೋರರ ಕೈಗೆ ಹೋಯಿತು. ಗಡಿಯ ಹಿಡಿತ ಮೊದಲೋ, ಚುನಾವಣೆ ಮೊದಲೋ ಎಂಬ ಜಗಳ ಏಳು ವರ್ಷ ಮುಗಿಯಲಿಲ್ಲ. ಕಾಯಲು ಹೋದ ಐರೋಪ್ಯ ವೀಕ್ಷಕರ ಕೈಯಲ್ಲಿ ಆಯುಧ ಇರಲಿಲ್ಲ, ಬಹಳ ಕಡೆ ಒಳಗೇ ಬಿಡಲಿಲ್ಲ.

ಈಗ 2021ನ್ನು ನೋಡಿ. ಹಿಂದಿನ ವರ್ಷ ನಿಯಂತ್ರಣ ರೇಖೆಯಲ್ಲಿ ಸರ್ಕಾರದ ಲೆಕ್ಕದಂತೆ 5,133 ಉಲ್ಲಂಘನೆ ಆಗಿದ್ದವು. ಫೆಬ್ರುವರಿ 25ರಂದು ಎರಡೂ ಡಿಜಿಎಂಒಗಳು ಒಂದು ಪುಟ್ಟ ಜಂಟಿ ಹೇಳಿಕೆ ಕೊಟ್ಟರು. ಆ ವರ್ಷ ಉಳಿದ ತಿಂಗಳುಗಳಲ್ಲಿ ಬೆರಳೆಣಿಕೆಯಷ್ಟು. ಅದೇ ಸೇನೆ, ಅದೇ ಠಾಣೆ, ಅದೇ ದ್ವೇಷ. ಪುಟ್ಟ ಹೇಳಿಕೆ ಹೇಗೆ ಸಾಕಾಯಿತು ಅಂದರೆ, ಅಲ್ಲಿ ರೇಖೆ 1972ರಿಂದಲೇ ನಕ್ಷೆಯಲ್ಲಿ ಇತ್ತು. ವಾರಕ್ಕೊಮ್ಮೆ ಹಾಟ್‌ಲೈನ್‌ನಲ್ಲಿ ಮಾತಾಡುವ ರೂಢಿಯೂ ಇತ್ತು. ಎರಡೂ ಕಡೆಗೆ ಆಗ ನಿಲ್ಲಿಸುವ ಮನಸ್ಸಿತ್ತು. ಈ ಮೂರನೆಯದು ಇಲ್ಲದಿದ್ದರೆ ಮೊದಲೆರಡು ಏನೂ ಮಾಡಲಾರವು, ಒಪ್ಪುತ್ತೇನೆ. ಆದರೆ ಮನಸ್ಸು ಬಂದ ದಿನ ರೇಖೆ, ಫೋನ್ ಇಲ್ಲದಿದ್ದರೆ ಮನಸ್ಸೂ ಹಾಳಾಗುತ್ತದೆ.

ಇದನ್ನು ಓದಿ ತಿಳಿದದ್ದಲ್ಲ. ದಕ್ಷಿಣ ಲೆಬನಾನ್‌ನಲ್ಲಿ ವಿಶ್ವಸಂಸ್ಥೆಯ ಪಡೆಯ ಭಾರತೀಯ ಬೆಟಾಲಿಯನ್‌ನಲ್ಲಿ ಒಂದು ವರ್ಷ ಇದ್ದೆ. ಅಲ್ಲಿ 2000ದಲ್ಲಿ ಗುರುತಿಸಿದ ನೀಲಿ ರೇಖೆ ಇದೆ. ಅದು ಗಡಿಯಲ್ಲ, ಇಸ್ರೇಲ್ ಸೇನೆ ಹಿಂದೆ ಸರಿದದ್ದನ್ನು ಖಚಿತಪಡಿಸಿಕೊಳ್ಳಲು ಎಳೆದ ಗೆರೆ. ಗುರುತಿಗೆ ನೀಲಿ ಪೀಪಾಯಿಗಳು. ಒಂದು ಬೆಳಿಗ್ಗೆ ಆಡು ಕಾಯುವ ಹುಡುಗನೊಬ್ಬ ಪೀಪಾಯಿ ದಾಟಿಬಿಟ್ಟ. ಆ ಕಡೆ ಬಂದೂಕು ಎತ್ತಿದರು. ಈ ಕಡೆ ಊರಿನವರು ಸೇರಿದರು. ನಮ್ಮವನೊಬ್ಬ ನಿಂತ ಜಾಗ, ಸಮಯ, ತಲೆ ಎಣಿಕೆ ಹೇಳುತ್ತಾ ಹೋದ, ನಾನು ಬರೆದುಕೊಂಡು ಫೋನ್ ಮಾಡಿದೆ. ನಕೂರಾದಲ್ಲಿದ್ದ ನಮ್ಮ ಪಡೆಯ ಮುಖ್ಯ ಕಚೇರಿಯಿಂದ ಎರಡೂ ಸೇನೆಗೆ ಕರೆ ಹೋಯಿತು. ಮಧ್ಯಾಹ್ನದ ಊಟಕ್ಕೆ ಹುಡುಗ ಮನೆಯಲ್ಲಿದ್ದ. ಎರಡು ಆಡು ವಾಪಸ್ ಬರಲಿಲ್ಲ. ಯಾವ ಪತ್ರಿಕೆಯಲ್ಲೂ ಇದು ಬರಲಿಲ್ಲ, ಬರುವ ಅಗತ್ಯವೂ ಬೀಳಲಿಲ್ಲ.

2025ರ ಆಗಸ್ಟ್‌ನಲ್ಲಿ ಭದ್ರತಾ ಮಂಡಳಿ ಆ ಪಡೆಯನ್ನು 2026ರ ಕೊನೆಗೆ ಮುಗಿಸಲು ತೀರ್ಮಾನಿಸಿತು. ಅದರ ಕೊರತೆಗಳು ನನಗೆ ಗೊತ್ತು. ಅದು ಕಣ್ಣೆದುರಿಗೇ ದೊಡ್ಡ ಯುದ್ಧಗಳನ್ನು ತಡೆಯಲಾಗದೆ ನಿಂತಿದೆ. ಆದರೂ ಮುಂದಿನ ಹುಡುಗ ರೇಖೆ ದಾಟಿದಾಗ ಫೋನ್ ಎತ್ತುವವರು ಯಾರು ಎಂದು ಚಿಂತೆಯಾಗುತ್ತದೆ. ಈಗ ದೊಡ್ಡ ನಾಯಕರು ಮೊಬೈಲ್‌ನಲ್ಲಿ ಎರಡು ಸಾಲು ಹಾಕಿ ಕದನ ವಿರಾಮ ಸಾರುತ್ತಾರೆ. ಕಾಗದ ತೆಳ್ಳಗಾಗುತ್ತಿದೆ, ಕಾಯುವವರು ಕಡಿಮೆಯಾಗುತ್ತಿದ್ದಾರೆ. ಹಾಗಾಗಿ ಇನ್ನು ಮೇಲೆ ಇಂಥ ಸುದ್ದಿ ಬಂದರೆ ‘ಯಾರು ಗೆದ್ದರು’ ಎಂದು ಕೇಳಬೇಡಿ. ರೇಖೆ ಎಲ್ಲಿದೆ, ಕಾಯುವವರು ಯಾರು, ಗುಂಡು ಹಾರಿದರೆ ಯಾರು ಯಾರಿಗೆ ಫೋನ್ ಮಾಡಬೇಕು ಎಂದು ಹುಡುಕಿ. ಸುದ್ದಿಯಲ್ಲಿ ಅದು ಇಲ್ಲದಿದ್ದರೆ ಖುಷಿಪಡಲು ಸ್ವಲ್ಪ ಕಾಯಿರಿ.

ಪ್ರಶ್ನೆ: ಮೇ 10ರಂದು ಯುದ್ಧ ನಿಲ್ಲಿಸಿದ್ದು ಟ್ರಂಪ್ ಅಲ್ವಾ? (ಹಾಸನ)

ಉತ್ತರ: ಟ್ರಂಪ್ ಹೌದೆನ್ನುತ್ತಾರೆ. ಎರಡೂ ಸೇನೆಗಳ ನಡುವೆ ನೇರವಾಗಿ ಆದದ್ದು ಎಂದು ಭಾರತ ಹೇಳುತ್ತದೆ. ನೀವು ಮೇಲಿನ ಉತ್ತರ ಓದಿ.

ಪ್ರಶ್ನೆ: ವಿಶ್ವಸಂಸ್ಥೆ ಮುಚ್ಚಿದರೆ ಏನು ನಷ್ಟ? (ಮೈಸೂರು)

ಉತ್ತರ: ವೀಟೊ ಇರುವ ಐದು ದೇಶಗಳಿಗೆ ನಷ್ಟವಿಲ್ಲ, ಉಳಿದವರಿಗೆ ಇದೆ.

ಪ್ರಶ್ನೆ: ಭದ್ರತಾ ಮಂಡಳಿಯ ಕಾಯಂ ಸ್ಥಾನ ಕೈಗೆ ಬಂದಿತ್ತು, ನೆಹರೂ ಚೀನಾಗೆ ಕೊಟ್ಟರು ಎಂದು ಓದಿದೆ. ನಿಜವೇ? (ಶಿವಮೊಗ್ಗ)

ಉತ್ತರ: ಇಲ್ಲ. ಚೀನಾದ ಸ್ಥಾನ ವಿಶ್ವಸಂಸ್ಥೆಯ ಮೂಲ ನಿಯಮಗಳಾದ 1945ರ ಸನ್ನದಿನಲ್ಲೇ ಇದೆ, ಆಗ ನಾವು ಸ್ವತಂತ್ರರೇ ಆಗಿರಲಿಲ್ಲ. 1950ರಲ್ಲಿ ಅಮೆರಿಕ, 1955ರಲ್ಲಿ ಸೋವಿಯತ್ ನಾಯಕ ಬುಲ್ಗಾನಿನ್ ಈ ಮಾತು ತೆಗೆದದ್ದು ನಿಜ. ನೆಹರೂ ಒಪ್ಪಲಿಲ್ಲ, ಅದೂ ನಿಜ. ಅದು ಸರಿಯೋ ತಪ್ಪೋ ಎಂದು ವಾದ ಮಾಡಿ, ಬೇಡ ಅನ್ನಲ್ಲ. ಆದರೆ ಸನ್ನದು ತಿದ್ದಲು ಮೂರನೇ ಎರಡರಷ್ಟು ದೇಶಗಳೂ ಐದೂ ಕಾಯಂ ಸದಸ್ಯರೂ ಒಪ್ಪಬೇಕು. ಒಬ್ಬರು ಕೊಟ್ಟು ಇನ್ನೊಬ್ಬರು ತೆಗೆದುಕೊಳ್ಳುವ ವಸ್ತು ಅದಲ್ಲ.

ಪ್ರಶ್ನೆ: ಒಬ್ಬ ಜ್ಯೋತಿಷಿ ಮೂರನೇ ಮಹಾಯುದ್ಧದ ತಾರೀಖು ಹೇಳಿದ್ದಾರೆ. ಗಲ್ಫ್‌ನಲ್ಲಿರುವ ಮಗನನ್ನು ವಾಪಸ್ ಕರೆಸಲೇ? (ಭಟ್ಕಳ)

ಉತ್ತರ: ತಾರೀಖು ಹೇಳುವವರು ನಿಮ್ಮ ಭಯವನ್ನು ಮಾರುತ್ತಿದ್ದಾರೆ. ಆ ವಿಡಿಯೊ ಇನ್ನೊಬ್ಬರಿಗೆ ಕಳಿಸಬೇಡಿ. ಮಗ ಅಲ್ಲಿನ ಭಾರತೀಯ ರಾಯಭಾರ ಕಚೇರಿಯಲ್ಲಿ ಹೆಸರು ನೋಂದಾಯಿಸಲಿ, ಅವರ ಸೂಚನೆ ಬಂದರೆ ತಡ ಮಾಡದೆ ಪಾಲಿಸಲಿ. 2025ರ ಜೂನ್‌ನಲ್ಲಿ ಇರಾನ್, ಇಸ್ರೇಲ್‌ನಿಂದ ನಮ್ಮವರನ್ನು ಕರೆತಂದಾಗ ಪಟ್ಟಿಯಲ್ಲಿ ಹೆಸರಿದ್ದವರನ್ನು ಹುಡುಕುವುದು ಸುಲಭವಾಗಿತ್ತು.

ಪ್ರಶ್ನೆ: ತಮ್ಮನಿಗೆ ರಷ್ಯಾದಲ್ಲಿ ಸೆಕ್ಯುರಿಟಿ ಗಾರ್ಡ್ ಕೆಲಸ ಕೊಡಿಸುತ್ತೇನೆ ಎಂದು ಏಜೆಂಟ್ ಹೇಳುತ್ತಾನೆ. ಸಂಬಳ ಚೆನ್ನಾಗಿದೆ, ಯುದ್ಧದ ಹತ್ತಿರ ಕಳಿಸಲ್ಲ ಅಂತ ಮಾತು ಕೊಟ್ಟಿದ್ದಾನೆ. ಕಳಿಸಬಹುದಾ? (ಸೇಡಂ)

ಉತ್ತರ: ಬೇಡ. ನಿಮ್ಮ ಜಿಲ್ಲೆಯ ಹುಡುಗರೇ ಇಂಥ ಮಾತು ನಂಬಿ ಹೋಗಿ ಯುದ್ಧಭೂಮಿ ಸೇರಿದ್ದರು. 2024ರ ಸೆಪ್ಟೆಂಬರ್‌ನಲ್ಲಿ ಜೀವ ಉಳಿಸಿಕೊಂಡು ಬಂದರು. ಅವರ ಜೊತೆಗಿದ್ದವರೆಲ್ಲ ಬರಲಿಲ್ಲ. ಇಂಥ ಏಜೆಂಟರ ಮೇಲೆ ಸಿಬಿಐ ಕೇಸು ಹಾಕಿದೆ. ಅಲ್ಲಿ ಇಳಿದ ಮೇಲೆ ರಷ್ಯನ್ ಭಾಷೆಯ ಕಾಗದ ಮುಂದಿಡುತ್ತಾರೆ. ಓದಲು ಬಾರದ ಕಾಗದಕ್ಕೆ ಸಹಿ ಹಾಕಿದ ಮೇಲೆ ಏಜೆಂಟ್ ಫೋನ್ ಎತ್ತುವುದಿಲ್ಲ. ನೋಂದಾಯಿತ ಏಜೆಂಟರ ಹೆಸರು ವಿದೇಶಾಂಗ ಸಚಿವಾಲಯದ ಇ-ಮೈಗ್ರೇಟ್ ಜಾಲತಾಣದಲ್ಲಿ ಇರುತ್ತದೆ, ನೋಡಿಕೊಳ್ಳಿ. ಆ ಪಟ್ಟಿಯಲ್ಲಿ ಇದ್ದರೂ ಈ ಕೆಲಸಕ್ಕೆ ನಾನು ಹೂಂ ಅನ್ನುವುದಿಲ್ಲ. ನಿಮ್ಮ ತಮ್ಮ ಏಜೆಂಟ್‌ಗೆ ಪಾಸ್‌ಪೋರ್ಟ್ ಕೊಟ್ಟುಬಿಟ್ಟಿದ್ದರೆ ಇವತ್ತೇ ಹೋಗಿ ವಾಪಸ್ ತೆಗೆದುಕೊಳ್ಳಿ. ಕೊಡದಿದ್ದರೆ ಪೊಲೀಸ್ ಠಾಣೆಗೆ ಹೋಗಿ, ನಾಳೆಗೆ ಇಡಬೇಡಿ.