ಅಜ್ಜನ ಬಿ.ಎ., ಮೊಮ್ಮಗನ ಬಿ.ಕಾಂ.: ಲೇಖಕರಿಗೆ ಒಂದು ಉತ್ತರ

ಪ್ರಿಯ ಬರಹಗಾರರೇ,

ಸಕಲೇಶಪುರದ ಒಂದೇ ಮನೆಯ ಮೂರು ತಲೆಮಾರು ಹಿಡಿದು, ಡಿಗ್ರಿಯಿಂದ ಸಿಗುತ್ತಿದ್ದ ಸಂಬಳದ ಮೇಲುಗೈ ಕರಗಿಹೋಯಿತು ಎಂದು ಬರೆದಿದ್ದೀರಿ. ಭಾಷೆ ಚೆನ್ನಾಗಿದೆ, ಲೆಕ್ಕ ನಿಲ್ಲುವುದಿಲ್ಲ. ಈಗಿರುವಂತೆ ಪ್ರಕಟಿಸಲಾಗದು.

ಅಜ್ಜನದು ನಿವೃತ್ತಿಯಾದ ವರ್ಷದ ಸಂಬಳ, ಮೊಮ್ಮಗನದು ಕೆಲಸಕ್ಕೆ ಸೇರಿದ ಮೊದಲ ತಿಂಗಳದ್ದು. ಮೊಮ್ಮಗನಿಗೆ 24 ಆಗಿದ್ದರೆ ಅಜ್ಜನ 24ಕ್ಕೇ ಹೋಗಿ. ಹಳೆಯ ಸಂಬಳವನ್ನು ಇಂದಿನ ರೂಪಾಯಿಗೆ ತಿರುಗಿಸಲು ಅರ್ಧ ಪುಟ ಸವೆಸಿದ್ದೀರಲ್ಲ, ಅದು ಬೇಡ. ಅದೇ ವರ್ಷ, ಅದೇ ಊರಲ್ಲಿ, ಅದೇ ವಯಸ್ಸಿನ ಎಸ್ಸೆಸ್ಸೆಲ್ಸಿ ಓದಿದವನಿಗೆ ಎಷ್ಟು ಸಿಗುತ್ತಿತ್ತೋ ಅದರಿಂದ ಪದವೀಧರನ ಸಂಬಳವನ್ನು ಭಾಗಿಸಿ. ಬರುವ ಪಟ್ಟೇ ಡಿಗ್ರಿಯ ಮೇಲುಗೈ. ಬೆಲೆಯೇರಿಕೆ ಎರಡೂ ಕಡೆ ಹೊಡೆದುಹೋಗುತ್ತದೆ.

ನೀವು ಹೋಲಿಕೆಗೆ ತಂದಿರುವುದು ಕಾಫಿ ತೋಟದ ಕೂಲಿಯನ್ನು. ತೊಡಕು ಅಲ್ಲೇ ಇದೆ. 1951ರ ತೋಟ ಕಾರ್ಮಿಕರ ಕಾಯ್ದೆಯಂತೆ ದೊಡ್ಡ ಎಸ್ಟೇಟುಗಳು ಕೆಲಸಗಾರರಿಗೆ ಮನೆ, ಔಷಧೋಪಚಾರ ಒದಗಿಸಬೇಕಿತ್ತು. ಗುಮಾಸ್ತರಾಗಿದ್ದ ಅಜ್ಜನ ತುಟ್ಟಿಭತ್ಯೆ, ಮನೆ ಬಾಡಿಗೆ ಭತ್ಯೆ ಎಲ್ಲ ಕೂಡಿಸಿ, ಕೂಲಿಯವನಿಗೆ ಎಸ್ಟೇಟು ಕೊಟ್ಟ ಲೈನ್ ಮನೆಯನ್ನು ಬಿಟ್ಟರೆ ಬಿ.ಎ. ಇದ್ದದ್ದಕ್ಕಿಂತ ದೊಡ್ಡದಾಗಿ ಕಾಣುತ್ತದೆ. ಸಾಧ್ಯವಾದರೆ ಕೂಲಿಯನ್ನೇ ಬಿಡಿ. ಅಣ್ಣ ಓದಿ ತಮ್ಮ ಓದದ ಮನೆಗಳನ್ನು ಹುಡುಕಿ. ಆ ಕಾಲದಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವರಲ್ಲಿ ಹೆಚ್ಚಿನವರು ಜಮೀನು, ಅನುಕೂಲ ಇದ್ದವರು. ಮನೆತನದ ಪಾಲನ್ನು ಡಿಗ್ರಿಯ ಖಾತೆಗೆ ಬರೆಯುವ ತಪ್ಪು ಇದರಿಂದ ಅಷ್ಟಿಷ್ಟು ಕಡಿಮೆಯಾಗುತ್ತದೆ.

ಇನ್ನು ಮೊಮ್ಮಗನ ಕಾಲ. ಇಲ್ಲಿ ನಿಮ್ಮ ತಪ್ಪು ನಿಮ್ಮ ವಾದಕ್ಕೇ ಮುಳುವಾಗಿದೆ! ಕೆಲಸ ಸಿಕ್ಕವರ ಸರಾಸರಿಯನ್ನಷ್ಟೇ ತೆಗೆದಿದ್ದೀರಿ. ಉದಾಹರಣೆಗೆ ನೂರು ಪದವೀಧರರಲ್ಲಿ 80 ಮಂದಿಗೆ ತಲಾ 25,000 ರೂಪಾಯಿ, 20 ಮಂದಿಗೆ ಏನೂ ಇಲ್ಲ ಎಂದುಕೊಳ್ಳಿ. ಸರಾಸರಿ 20,000ಕ್ಕೆ ಬಂತು. ಓದದವರಲ್ಲಿ ಎಲ್ಲರೂ ದುಡಿದು ತಲಾ 15,000 ತಂದರೆ ಮೇಲುಗೈ 1.67 ಪಟ್ಟಲ್ಲ, 1.33 ಪಟ್ಟು.

ಸಮೀಕ್ಷೆಗಳನ್ನು ಬೆರೆಸುವಾಗಲೂ ಹುಷಾರು. 2017-18ರಲ್ಲಿ ಆರಂಭವಾದ ಪಿಎಲ್‌ಎಫ್‌ಎಸ್ (ಕೇಂದ್ರ ಸರ್ಕಾರದ ಈಗಿನ ಉದ್ಯೋಗ ಸಮೀಕ್ಷೆ) ಸ್ವಂತ ಉದ್ಯೋಗದವರ ಗಳಿಕೆಯನ್ನೂ ಕೇಳುತ್ತದೆ. ಅದಕ್ಕೂ ಹಿಂದಿನ, ರಾಷ್ಟ್ರೀಯ ಮಾದರಿ ಸಮೀಕ್ಷಾ ಕಚೇರಿಯ (ಎನ್‌ಎಸ್‌ಎಸ್‌ಒ) 2011-12ರ ಉದ್ಯೋಗ ಸಮೀಕ್ಷೆ ಅದನ್ನು ಕೇಳಿರಲಿಲ್ಲ. ಎರಡನ್ನೂ ಜೊತೆಗಿಡುವಾಗ ಸಂಬಳದವರನ್ನು ಮಾತ್ರ ಇಟ್ಟುಕೊಳ್ಳಿ.

ಕೊನೆಯದಾಗಿ, ನೀವು ಉದ್ಧರಿಸಿರುವ ಅಮೆರಿಕದ ಸೇಂಟ್ ಲೂಯಿಸ್ ಫೆಡರಲ್ ರಿಸರ್ವ್ ಬ್ಯಾಂಕಿನ 2019ರ ಅಧ್ಯಯನ ನಿಮ್ಮ ಪರ ಸಾಕ್ಷಿ ಹೇಳುವುದಿಲ್ಲ. ಅಲ್ಲಿ 1980ರ ದಶಕದಲ್ಲಿ ಹುಟ್ಟಿದ ಪದವೀಧರರಿಗೆ ಬಹುಮಟ್ಟಿಗೆ ಕರಗಿದ್ದು ಆಸ್ತಿಯ ಮೇಲುಗೈ. ಆದಾಯದ್ದು ಗಣನೀಯವಾಗಿಯೇ ಉಳಿದಿತ್ತು. ಆ ಪ್ಯಾರಾ ತೆಗೆಯಿರಿ, ಇಲ್ಲವೇ ಅಜ್ಜ ಕಟ್ಟಿಸಿದ ಮನೆ, ಮೊಮ್ಮಗನ ಶಿಕ್ಷಣ ಸಾಲ ಎರಡನ್ನೂ ಲೆಕ್ಕಕ್ಕೆ ತನ್ನಿ. ತಿದ್ದಿದ ಪ್ರತಿಯಲ್ಲಿ ಪ್ರತಿ ಸಂಬಳದ ಪಕ್ಕ ವರ್ಷ, ವಯಸ್ಸು ಎರಡೂ ಇರಲಿ.

ಸಂಪಾದಕ, ಹಾಸನ