ಕೃಪೆಯಿದ್ದರೆ ತೂಕ ತಪ್ಪಬಹುದೇ?

ಪ್ರಶ್ನೆ: ಅಯ್ಯನವರೇ, ನಾನೂ ನಮ್ಮ ಕ್ರೈಸ್ತ ಸಭೆಯ ಸಹೋದರರೊಬ್ಬರೂ ಸೇರಿ ದಿನಸಿ ಅಂಗಡಿ ಇಟ್ಟಿದ್ದೇವೆ. ಅವರು ತೂಕದಲ್ಲಿ ಮೋಸ ಮಾಡುತ್ತಾರೆ. ಕೇಳಿದರೆ, ‘ನಾವು ಧರ್ಮಶಾಸ್ತ್ರಾಧೀನರಲ್ಲ, ಕೃಪಾಧೀನರು’ ಎಂದು ಬೈಬಲಿನ ವಚನ ಹೇಳುತ್ತಾರೆ. ಏನನ್ನಲಿ?
– ಒಬ್ಬ ಓದುಗ, ಗದಗ

ಉತ್ತರ: ವಚನವೇನೋ ಸರಿಯಾಗಿದೆ, ಅಪೊಸ್ತಲ ಪೌಲ ರೋಮಾಪುರದವರಿಗೆ ಬರೆದ ಪತ್ರ 6:14. ನಾವಿರುವುದು ಮೋಶೆಯ ಕಟ್ಟಳೆಗಳ ಕೈಕೆಳಗಲ್ಲ, ದೇವರ ಕೃಪೆಯ ಕೈಕೆಳಗೆ ಅಂತ ಅರ್ಥ. ನಿಮ್ಮ ಪಾಲುದಾರರು ಅಲ್ಲಿಗೇ ಪುಸ್ತಕ ಮುಚ್ಚಿಬಿಟ್ಟಿದ್ದಾರೆ, ಅಷ್ಟೇ. ಕೃಪೆ ಇದೆಯೆಂದು ಪಾಪ ಮಾಡಬಹುದೋ ಅಂತ 15ನೇ ವಚನದಲ್ಲಿ ಪೌಲನೇ ಕೇಳುತ್ತಾನೆ. ಕೂಡದೇ ಕೂಡದು ಅಂತ ಉತ್ತರವನ್ನೂ ಕೊಡುತ್ತಾನೆ.

ಗಲಾತ್ಯದ ಸಭೆಗಳವರ ಜೊತೆ ಪೌಲ ಜಗಳವಾಡಿದ್ದು ಆ ಶಾಸ್ತ್ರ ಹೇಳುವ ಸುನ್ನತಿಯ ವಿಷಯಕ್ಕೆ. ಅದನ್ನು ಮಾಡಿಸಿಕೊಂಡರೇನೇ ದೇವರ ಮುಂದೆ ನೀತಿವಂತರು ಎಂಬುದನ್ನು ಅವನು ಒಪ್ಪಲಿಲ್ಲ. ಕಡಿಮೆ ತೂಗಿ ಅಂತ ಯಾರಿಗೂ ಹೇಳಿಲ್ಲ. (ತಕ್ಕಡಿ, ತೂಕದ ಕಲ್ಲು ನ್ಯಾಯವಾಗಿರಬೇಕು ಎಂಬ ಕಟ್ಟಳೆ ಯಾಜಕಕಾಂಡ 19ರಲ್ಲಿದೆ. ನೆರೆಯವನನ್ನು ನಿನ್ನಂತೆಯೇ ಪ್ರೀತಿಸು ಅನ್ನೋದೂ ಅದೇ ಅಧ್ಯಾಯ.)

ನಾನು ಸಭೆಯ ಅಯ್ಯನಾಗುವ ಮೊದಲು ಸಹಕಾರಿ ಸಂಘದಲ್ಲಿ ಲೆಕ್ಕ ಬರೆಯುತ್ತಿದ್ದವನು. ಅದಕ್ಕೇ ಜಕ್ಕಾಯ ಅಂದ್ರೆ ನನಗೆ ಜಾಸ್ತಿ ಇಷ್ಟ. ಲೂಕ 19 ತೆಗೆದು ನೋಡಿ. ಯೆರಿಕೋವಿನ ಸುಂಕದವರಿಗೆಲ್ಲ ಇವನೇ ಮುಖ್ಯಸ್ಥ, ಒಳ್ಳೆ ಸಾಹುಕಾರ. ಈ ಹೊತ್ತು ನಿನ್ನ ಮನೆಯಲ್ಲೇ ಇಳಿದುಕೊಳ್ಳಬೇಕು ಅಂತ ಯೇಸು ಹೇಳಿದಾಗ, ಹಿಂದಿರುಗಿಸುವ ಮಾತೇ ಇವನ ಬಾಯಲ್ಲಿ ಇನ್ನೂ ಬಂದಿರಲಿಲ್ಲ. ಕೃಪೆ ಮೊದಲು ಬಂತು. ಲೆಕ್ಕ ಆಮೇಲೆ, ಆದರೆ ಬಂದೇ ಬಂತು! ಆಸ್ತಿಯಲ್ಲಿ ಅರ್ಧ ಬಡವರಿಗೆ, ಅನ್ಯಾಯವಾಗಿ ಕಿತ್ತುಕೊಂಡದ್ದಕ್ಕೆ ನಾಲ್ಕರಷ್ಟು ವಾಪಸು.

ಈಗ ಶಾಸ್ತ್ರದ ದರ ನೋಡಿ. ತಪ್ಪು ಒಪ್ಪಿಕೊಂಡವನು ಅಸಲಿನ ಜೊತೆ ಐದರಲ್ಲೊಂದು ಪಾಲು ಸೇರಿಸಿ ಕೊಡಬೇಕು, ಅರಣ್ಯಕಾಂಡ 5. ಅಂದರೆ 100 ರೂಪಾಯಿಗೆ 120. ಇವನು 400 ಕೊಡಲು ಹೊರಟ. ನಾಲ್ಕರಷ್ಟು ದಂಡ ವಿಮೋಚನಕಾಂಡದಲ್ಲಿ ಇರೋದು ಕುರಿ ಕದ್ದು ಕೊಯ್ದವನಿಗೋ ಮಾರಿದವನಿಗೋ. ಯಾರೂ ಕೇಳದೆ, ತಾನಾಗಿ ಹೋಗಿ ಕುರಿಗಳ್ಳರ ಸಾಲಿನಲ್ಲಿ ನಿಂತ. ಕೃಪಾಧೀನ ಅಂದ್ರೆ ಇವನು ಅಲ್ವಾ?

ಮೊದಲು ನೀವೊಬ್ಬರೇ ಹೋಗಿ ಅವರ ಹತ್ತಿರ ಮಾತಾಡಿ. ಕೇಳದಿದ್ದರೆ ಒಬ್ಬಿಬ್ಬರನ್ನು ಕರೆದುಕೊಂಡು ಹೋಗಿ. ಮತ್ತಾಯ 18ರ ಕ್ರಮ ಅದೇ. ತಕ್ಕಡಿ ರಿಪೇರಿ, ಸೀಲು ಮಾತ್ರ ಇದಕ್ಕೆಲ್ಲ ಕಾಯಬಾರದು, ನಾಳೆಯೇ ಆಗಲಿ. ಇನ್ನೊಂದು, ಬೇಜಾರು ಮಾಡಿಕೊಳ್ಳಬೇಡಿ. ಕಡಿಮೆ ತೂಗಿ ಬಂದ ಲಾಭದಲ್ಲಿ ನಿಮ್ಮ ಪಾಲೂ ಇದೆ. ಖಾತೆ ಗಿರಾಕಿಗಳ ಪಟ್ಟಿ ಹೇಗೂ ಇರುತ್ತದೆ, ಹಿಂದಿರುಗಿಸುವುದನ್ನು ಅಲ್ಲಿಂದಲೇ ಶುರು ಮಾಡಿ.