ಛೀಮಾರಿಯ ಮರುವರ್ಷ ಚಿನ್ನದ ಚೆಂಡು

ಪ್ರಶ್ನೆ: ವರ್ಷದ ಶ್ರೇಷ್ಠ ಫುಟ್‌ಬಾಲ್ ಆಟಗಾರನಿಗೆ ಸಲ್ಲುವ ಚಿನ್ನದ ಚೆಂಡು, ಅಂದರೆ ಬ್ಯಾಲನ್ ಡಿಓರ್ ಪಡೆದ ಏಕೈಕ ಗೋಲ್‌ಕೀಪರ್ ಸೋವಿಯತ್ ಒಕ್ಕೂಟದ ಲೆವ್ ಯಾಶಿನ್ ಎಂದು ಓದಿದ್ದೇನೆ. ಅದರ ಹಿಂದಿನ ವರ್ಷದ ವಿಶ್ವಕಪ್‌ನಲ್ಲಿ ತಂಡ ಸೋತದ್ದೇ ಅವರಿಂದ ಎಂದೂ ಓದಿದೆ. ಎರಡೂ ನಿಜವೇ?

ಉತ್ತರ: ಪ್ರಶಸ್ತಿಯ ಮಾತು ನಿಜ. ಆರೋಪದ ಬಗ್ಗೆ ಸ್ವಲ್ಪ ವಿವರವಾಗಿ ಹೇಳಬೇಕು, ಏಕೆಂದರೆ ಅರವತ್ತು ವರ್ಷ ಕಳೆದರೂ ಅದು ಅವರ ಹೆಸರಿಗೆ ಅಂಟಿಕೊಂಡೇ ಇದೆ.

1962ರ ಜೂನ್ 3, ಚಿಲಿಯ ಅರಿಕಾ ಪಟ್ಟಣ. ಕೊಲಂಬಿಯಾ ವಿರುದ್ಧ ಹನ್ನೊಂದು ನಿಮಿಷ ಕಳೆಯುವಷ್ಟರಲ್ಲಿ ಸೋವಿಯತ್ ತಂಡ ಮೂರು ಗೋಲು ಹೊಡೆದಿತ್ತು. ಮುಂದೆ ಅಂತರ 4–1 ಆಯಿತು. 68ನೇ ನಿಮಿಷದಲ್ಲಿ ಕೊಲಂಬಿಯಾದ ಮಾರ್ಕೋಸ್ ಕಾಲ್ ಮೈದಾನದ ಮೂಲೆಯಿಂದ ಕಾರ್ನರ್ ಕಿಕ್ ಒದ್ದರು. ಚೆಂಡು ಪುಟಿಯುತ್ತ ಹತ್ತಿರದ ಗೋಲುಕಂಬದತ್ತ ಬಂತು. ಅಲ್ಲಿ ನಿಂತಿದ್ದವರು ಡಿಫೆಂಡರ್ ಗಿವಿ ಚೊಖೇಲಿ, ಅವರ ಹಿಂದೆ ಯಾಶಿನ್. ನೀನು ತಡೆ, ನಾನು ತಡೆ ಎನ್ನುವಷ್ಟರಲ್ಲಿ ಚೆಂಡು ಕಂಬದ ಪಕ್ಕದಿಂದಲೇ ಒಳಗೆ ಉರುಳಿತು. ಪುರುಷರ ವಿಶ್ವಕಪ್‌ನಲ್ಲಿ ಕಾರ್ನರ್‌ನಿಂದ ನೇರವಾಗಿ ಬಂದ ಗೋಲು ಇಂದಿಗೂ ಅದೊಂದೇ. ಪಂದ್ಯ 4–4ರಲ್ಲಿ ಮುಗಿಯಿತು. ಕ್ವಾರ್ಟರ್ ಫೈನಲ್‌ನಲ್ಲಿ ಚಿಲಿ 2–1ರಿಂದ ಗೆದ್ದಿತು. ಎರಡು ಗೋಲುಗಳೂ ಪೆನಾಲ್ಟಿ ಆವರಣದ ಹೊರಗಿನಿಂದ ಬಂದವು.

ಆ ಗೋಲುಗಳಲ್ಲಿ ಯಾಶಿನ್ ಅವರ ಪಾಲು ಇತ್ತು, ಅದನ್ನು ಮರೆಮಾಚಬೇಕಿಲ್ಲ. ಆದರೆ ಮೂರು ಗೋಲುಗಳ ಮುನ್ನಡೆ ಕರಗಿದ್ದು ಹನ್ನೊಂದೂ ಜನರ ಆಟದಿಂದ. ಸೋವಿಯತ್ ಜನರು ಈ ಪಂದ್ಯಗಳನ್ನು ಟಿ.ವಿ.ಯಲ್ಲಿ ನೋಡಿರಲಿಲ್ಲ. ದೂರದ ಚಿಲಿಯಿಂದ ಬಂದ ವರದಿಗಳನ್ನು ನಂಬಿ ಅವರು ಒಬ್ಬರನ್ನೇ ಹೊಣೆ ಮಾಡಿದರು. ಮಾಸ್ಕೊದ ಮೈದಾನಗಳಲ್ಲಿ ಯಾಶಿನ್ ಹೆಸರು ಹೇಳಿದರೆ ಸಾಕು, ಛೀಮಾರಿ ಏಳುತ್ತಿತ್ತು. ಮನೆಯ ಕಿಟಕಿ ಗಾಜನ್ನೂ ಒಡೆದರು. ಮೂವತ್ತೆರಡರ ಅವರು ಆಟ ಬಿಡುವ ಯೋಚನೆಯನ್ನೂ ಮಾಡಿದ್ದರು.

ಬಿಡಲಿಲ್ಲ. 1963ರಲ್ಲಿ ಅವರ ಕ್ಲಬ್ ಡೈನಮೊ ಮಾಸ್ಕೊ ಸೋವಿಯತ್ ಲೀಗ್ ಗೆದ್ದಾಗ ಯಾಶಿನ್ 27 ಪಂದ್ಯಗಳಲ್ಲಿ ಬಿಟ್ಟುಕೊಟ್ಟದ್ದು ಕೇವಲ ಆರು ಗೋಲು. ಅಕ್ಟೋಬರ್ 23ರಂದು ವೆಂಬ್ಲಿಯಲ್ಲಿ ಇಂಗ್ಲೆಂಡ್ ವಿರುದ್ಧ ಬೇರೆ ಬೇರೆ ದೇಶಗಳ ಆಟಗಾರರ ವಿಶ್ವ ತಂಡ ಆಡಿತು. ಇಂಗ್ಲೆಂಡಿನ ಫುಟ್‌ಬಾಲ್ ಸಂಸ್ಥೆಗೆ ನೂರು ತುಂಬಿದ ಸಂದರ್ಭ. ಮೊದಲಾರ್ಧ ಪೂರ್ತಿ ವಿಶ್ವ ತಂಡದ ಗೋಲು ಕಾದ ಯಾಶಿನ್ ಒಂದು ಗೋಲನ್ನೂ ಬಿಡಲಿಲ್ಲ. ಇಂಗ್ಲೆಂಡಿನ ಎರಡೂ ಗೋಲು ಅವರು ಹೊರಗೆ ಹೋದ ಮೇಲೆ ಬಂದವು. ಆ ವರ್ಷದ ಬ್ಯಾಲನ್ ಡಿಓರ್ ಮತದಾನದಲ್ಲಿ ಇಟಲಿಯ ಜಾನಿ ರಿವೇರಾ ಅವರಿಗಿಂತಲೂ ಮುಂದೆ ನಿಂತರು. ನನ್ನ ಮಟ್ಟಿಗೆ ಫುಟ್‌ಬಾಲ್‌ನಲ್ಲಿ ಇದಕ್ಕಿಂತ ದೊಡ್ಡ ಮರಳಿ ಏಳುವಿಕೆ ಇಲ್ಲ.

ಪ್ರಶ್ನೆ: ನನ್ನ ಮಗಳು ಶಾಲಾ ತಂಡದ ಗೋಲ್‌ಕೀಪರ್. ಯಾಶಿನ್ ಹಾರಿ ಚೆಂಡು ಹಿಡಿಯುವ ಹಳೆಯ ದೃಶ್ಯಗಳನ್ನು ತೋರಿಸಿದರೆ ಅವಳಿಗೆ ಅನುಕೂಲವಾದೀತೇ?

ಉತ್ತರ: ಖಂಡಿತ ತೋರಿಸಿ. ಹಾರುವುದಕ್ಕಿಂತ ಮೊದಲು ಅವರು ಎಲ್ಲಿ ನಿಂತಿದ್ದಾರೆ ಎಂಬುದನ್ನು ಅವಳಿಗೆ ಗಮನಿಸಲು ಹೇಳಿ. ಅಂದಿನ ಬಹುತೇಕ ಗೋಲ್‌ಕೀಪರುಗಳು ಗೋಲು ಗೆರೆಗೇ ಅಂಟಿಕೊಂಡು ಕಾಯುತ್ತಿದ್ದರು. ಯಾಶಿನ್ ಮುಂದೆ ನಡೆದು ಬರುತ್ತಿದ್ದರು. ಎತ್ತರದ ಚೆಂಡನ್ನು ಹಿಡಿಯಲು ಆಗದಿದ್ದರೆ ಮುಷ್ಟಿಯಿಂದ ಗುದ್ದಿ ಕಳಿಸುತ್ತಿದ್ದರು, ಹಿಡಿದ ಚೆಂಡನ್ನು ತಡಮಾಡದೆ ಕೈಯಿಂದಲೇ ಎಸೆದು ತಮ್ಮವರ ದಾಳಿ ಆರಂಭಿಸುತ್ತಿದ್ದರು. ಮತ್ತೆ ಆ ಕೂಗು! ತೊಂಬತ್ತು ನಿಮಿಷವೂ ಡಿಫೆಂಡರುಗಳಿಗೆ ಕೂಗಿ ಹೇಳುತ್ತಲೇ ಇರುತ್ತಿದ್ದರು. ದೃಶ್ಯದ ತುಣುಕುಗಳಲ್ಲಿ ಅದು ಕೇಳಿಸುವುದಿಲ್ಲ, ಆದ್ದರಿಂದ ನೀವೇ ಹೇಳಬೇಕಾಗುತ್ತದೆ.

ಅವಳು ಸುಲಭದ ಗೋಲು ಬಿಟ್ಟು ಅಳುತ್ತ ಬಂದ ದಿನ ಇದನ್ನೂ ಹೇಳಿ. 1950ರಲ್ಲಿ ಡೈನಮೊ ಮುಖ್ಯ ತಂಡದ ಪರ ಆಡಿದ ಮೊದಲ ಅಭ್ಯಾಸ ಪಂದ್ಯದಲ್ಲಿ ಎದುರಾಳಿ ಗೋಲ್‌ಕೀಪರ್ ಒದ್ದ ಚೆಂಡೇ ಯಾಶಿನ್ ಅವರ ಗೋಲು ಸೇರಿತು. ಹಿಡಿಯಲು ಓಡಿ ಬಂದವರು ತಮ್ಮದೇ ಡಿಫೆಂಡರ್‌ಗೆ ಡಿಕ್ಕಿ ಹೊಡೆದಿದ್ದರು. ಅದೇ ವರ್ಷ ಮಾಸ್ಕೊದ ಮತ್ತೊಂದು ಕ್ಲಬ್ ಸ್ಪಾರ್ಟಕ್ ವಿರುದ್ಧದ ಲೀಗ್ ಪಂದ್ಯದಲ್ಲೂ ಹಾಗೆಯೇ ಡಿಕ್ಕಿಯಾಗಿ ಗೋಲು ಬಿಟ್ಟರು. ಅನಂತರ ಅವರಿಗೆ ಮುಖ್ಯ ತಂಡದಲ್ಲಿ ಮತ್ತೆ ಸ್ಥಾನ ಸಿಕ್ಕಿದ್ದು 1953ರಲ್ಲಿ. ನಡುವಿನ ಕಾಲದಲ್ಲಿ ಅವರು ಸುಮ್ಮನೆ ಕೂರಲಿಲ್ಲ, ಐಸ್ ಹಾಕಿಯಲ್ಲಿ ಗೋಲು ಕಾದು 1953ರ ಸೋವಿಯತ್ ಕಪ್ ಗೆದ್ದರು. ಅಲ್ಲಿ ಚೆಂಡಿನ ಬದಲು ಬರುವ ಅಂಗೈಯಗಲದ ರಬ್ಬರ್ ಚಕ್ರವನ್ನು ತಡೆದು ಪಳಗಿದ ಕಣ್ಣಿಗೆ ಫುಟ್‌ಬಾಲ್ ಎಷ್ಟು ದೊಡ್ಡದಾಗಿ ಕಂಡಿರಬೇಕು!

ಪ್ರಶ್ನೆ: ಅವರ ಕೊನೆಯ ದಿನಗಳು ಹೇಗಿದ್ದವು?

ಉತ್ತರ: 1971ರ ಮೇ 27ರಂದು ಮಾಸ್ಕೊದಲ್ಲಿ ವಿದಾಯ ಪಂದ್ಯ ನಡೆಯಿತು. ಅಂದಿನ ಹೆಸರಾಂತ ಆಟಗಾರರಾದ ಯುಸೇಬಿಯೊ, ಬಾಬಿ ಚಾರ್ಲ್ಟನ್, ಗೆರ್ಡ್ ಮುಲ್ಲರ್ ಅದಕ್ಕೆಂದೇ ಬಂದಿದ್ದರು. ಲಕ್ಷದಷ್ಟು ಜನರು ಎದ್ದು ನಿಂತು ಅವರನ್ನು ಬೀಳ್ಕೊಟ್ಟರು. ಒಂಬತ್ತು ವರ್ಷಗಳ ಹಿಂದೆ ಇದೇ ಊರು ಅವರಿಗೆ ಛೀಮಾರಿ ಹಾಕಿತ್ತು. ಮುಂದೆ ರಕ್ತನಾಳದ ಕಾಯಿಲೆಯಿಂದ ಒಂದು ಕಾಲನ್ನು ಕತ್ತರಿಸಬೇಕಾಯಿತು. 1990ರ ಮಾರ್ಚ್ 20ರಂದು, ಅರವತ್ತನೆಯ ವಯಸ್ಸಿನಲ್ಲಿ, ಕ್ಯಾನ್ಸರ್‌ನಿಂದ ತೀರಿಕೊಂಡರು. ಆಟಗಾರನಾಗಿ ಎರಡು ದಶಕ ಅವರಿದ್ದದ್ದು ಡೈನಮೊ ಒಂದೇ ಕ್ಲಬ್‌ನಲ್ಲಿ.